ಯಜಮಾನನ ನೆರಳಿನಲ್ಲಿ ಬಾಳಿದವನು: ‘ಡ್ರಾಕುಲಾ’ ಗ್ರಂಥಕರ್ತ ಬ್ರಾಮ್ ಸ್ಟೋಕರ್

ಇಂಗ್ಲಿಷ್ ಚಲಚ್ಚಿತ್ರಗಳನ್ನು ನೋಡುವ ಅಭ್ಯಾಸವುಳ್ಳ ನಮ್ಮ ವಾಚಕರಲ್ಲಿ ಡ್ರಾಕುಲಾ ಎಂಬ ಹೆಸರನ್ನು ಕೇಳದವರು ವಿರಳ. ಕಪ್ಪು ನಿಲುವಂಗಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ತುಟಿಯ ಮರೆಯಿಂದ ಇಣುಕುವ ಕೋರೆಹಲ್ಲು, ಬಿಸಿಲು ತಾಗಿದೊಡನೆ ಭಸ್ಮವಾಗುವ ದೇಹ, ಇಷ್ಟನ್ನು ಹೇಳಿದರೆ ಹೋಟೆಲಿನ ಮಾಣಿಯೂ ಇವನು ರಕ್ತ ಹೀರುವ ಪಿಶಾಚಿಯೆಂದು ಗುರುತಿಸುವನು. ಆದರೆ ಈ ಪಿಶಾಚಿಯನ್ನು ಸೃಷ್ಟಿಸಿದ ಮನುಷ್ಯನ ಹೆಸರನ್ನು ಕೇಳಿದರೆ ಪದವೀಧರರೂ ತಡವರಿಸುತ್ತಾರೆ. ಮೇಲೆ ಹೇಳಿದ ಲಕ್ಷಣಗಳಲ್ಲಿ ಕೆಲವು ಆ ಮನುಷ್ಯನು ಬರೆದ ಗ್ರಂಥದಲ್ಲಿ ಇಲ್ಲವೇ ಇಲ್ಲವೆಂಬುದು ಇನ್ನೂ ಹೆಚ್ಚಿನ ಆಶ್ಚರ್ಯ. ಅವನು ಗುಮಾಸ್ತನ ಮಗ, ತಾನೂ ಗುಮಾಸ್ತ. ಅನಂತರ ಊರು ಬಿಟ್ಟು ಬಂದು ಇನ್ನೊಬ್ಬರ ಸಂಸ್ಥೆಯಲ್ಲಿ 27 ವರ್ಷ ಮ್ಯಾನೇಜರನಾಗಿ ದುಡಿದವನು. ಅವನ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡಲು ನಮಗೆ ಇಷ್ಟು ಕಾರಣವೇ ಸಾಕು.

ಅಬ್ರಹಾಂ ಸ್ಟೋಕರ್ ಎಂಬುದು ಅವನ ಪೂರ್ಣ ನಾಮಧೇಯ. ಬ್ರಾಮ್ ಎಂಬುದು ಅದರ ಸಂಕ್ಷೇಪ. 1847ನೆಯ ಇಸವಿ ನವೆಂಬರ್ 8ರಂದು ಐರ್ಲೆಂಡಿನ ಡಬ್ಲಿನ್ ನಗರದ ಬಳಿ ಕ್ಲಾಂಟಾರ್ಫ್ ಎಂಬಲ್ಲಿ ಅವನು ಜನಿಸಿದನು. ಆಲೂಗಡ್ಡೆಯ ಬೆಳೆ ಕೊಳೆತು ಐರ್ಲೆಂಡಿನಲ್ಲಿ ಲಕ್ಷಾಂತರ ಮಂದಿ ಹಸಿವಿನಿಂದ ಸಾಯುತ್ತಿದ್ದ ಕಾಲವದು. ತಂದೆಯು ಡಬ್ಲಿನ್ ಕೋಟೆಯ ಸರಕಾರಿ ಕಚೇರಿಯಲ್ಲಿ ಗುಮಾಸ್ತನು. ಏಳು ಮಕ್ಕಳಲ್ಲಿ ಬ್ರಾಮನು ಮೂರನೆಯವನು. ಏಳನೆಯ ವಯಸ್ಸಿನವರೆಗೆ ಅವನು ಎದ್ದು ನಡೆಯಲಾರದೆ ಹಾಸಿಗೆ ಹಿಡಿದಿದ್ದನು. ಕಾಯಿಲೆ ಏನೆಂಬುದು ಗೊತ್ತಾಗಲಿಲ್ಲ, ಹೋದುದೂ ಹಾಗೆಯೇ.

ಆ ಏಳು ವರ್ಷ ಹಾಸಿಗೆಯ ಪಕ್ಕದಲ್ಲಿ ಕುಳಿತು ಕಥೆ ಹೇಳಿದವಳು ತಾಯಿ ಷಾರ್ಲಟ್. ಆಕೆಯ ತವರು ಸ್ಲೈಗೋ ಪಟ್ಟಣ. 1832ರಲ್ಲಿ ಅಲ್ಲಿ ಕಾಲರಾ ಮಾರಿ ಬಂದಾಗ ಆಕೆ ಚಿಕ್ಕ ಹುಡುಗಿ. ಸತ್ತವರೊಡನೆ ಇನ್ನೂ ಉಸಿರಿದ್ದವರನ್ನೂ ಗುಂಡಿಗೆ ತಳ್ಳಿದ ಸುದ್ದಿಗಳನ್ನು ಆಕೆ ಕೇಳಿ ಬೆಳೆದವಳು. ಒಬ್ಬ ಎತ್ತರದ ಸಿಪಾಯಿಯ ದೇಹವು ಶವಪೆಟ್ಟಿಗೆಗೆ ಹಿಡಿಸಲಿಲ್ಲ. ಕಾಲನ್ನು ಮುರಿದು ಒಳಗಿಡೋಣವೆಂದು ಪೆಟ್ಟು ಹಾಕಿದಾಗ ಸಿಪಾಯಿಯು ಎದ್ದು ಕುಳಿತನಂತೆ. ಈ ವೃತ್ತಾಂತಗಳನ್ನು ಆಕೆ ಮುಂದೆ ಮಗನಿಗಾಗಿ ಬರೆದೂ ಕೊಟ್ಟಳು. ಸತ್ತವರು ಪೂರ್ತಿ ಸತ್ತಿಲ್ಲ ಎಂಬ ಭಯ ಅವನಿಗೆ ಪುಸ್ತಕದಿಂದ ಬಂದುದಲ್ಲ, ತಾಯಿಯ ಬಾಯಿಯಿಂದ ಬಂದುದು.

ಹಾಸಿಗೆ ಬಿಟ್ಟೆದ್ದ ಹುಡುಗನು ದೃಢಕಾಯನಾದನು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಆಟೋಟಗಳಲ್ಲಿ ಹೆಸರು ಪಡೆದನು. ಕಾಲೇಜಿನ ಎರಡು ಚರ್ಚಾಕೂಟಗಳ ಮುಖ್ಯಸ್ಥನೂ ಆದನು. ಬಳಿಕ ತಂದೆಯ ದಾರಿಯನ್ನೇ ಹಿಡಿದು ಡಬ್ಲಿನ್ ಕೋಟೆಯಲ್ಲಿ ಸರಕಾರಿ ಗುಮಾಸ್ತನಾಗಿ, ಮುಂದೆ ಸಣ್ಣ ನ್ಯಾಯಾಲಯಗಳ ತನಿಖಾಧಿಕಾರಿಯಾಗಿ ಊರೂರು ಸುತ್ತಿದನು. ಅವನ ಮೊದಲನೆಯ ದೊಡ್ಡ ಗ್ರಂಥ ಐರ್ಲೆಂಡಿನ ಸಣ್ಣ ನ್ಯಾಯಾಲಯಗಳ ಗುಮಾಸ್ತರ ಕರ್ತವ್ಯಗಳನ್ನು ಕುರಿತದ್ದು, 1879ರಲ್ಲಿ ಅಚ್ಚಾಯಿತು. ಯಾವ ದಾಖಲೆಯನ್ನು ಎಲ್ಲಿ ಬರೆಯಬೇಕು, ಯಾವ ರಸೀದಿಯನ್ನು ಎಲ್ಲಿಡಬೇಕು ಎಂಬ ವಿಷಯಗಳಿಂದ ತುಂಬಿದ ಪುಸ್ತಕ. ವಾಚಕರು ನಗಬಾರದು, ಈ ವಿದ್ಯೆಯೇ ಅವನಿಗೆ ಮುಂದೆ ಒದಗಿತು.

ಹಗಲಿನಲ್ಲಿ ಕಚೇರಿ, ಸಂಜೆ ನಾಟಕ. 1871ರಿಂದ ಡಬ್ಲಿನ್ನಿನ ಒಂದು ಸಂಜೆ ಪತ್ರಿಕೆಗೆ ಅವನು ಕಾಸಿನ ಸಂಭಾವನೆಯಿಲ್ಲದೆ ನಾಟಕ ವಿಮರ್ಶೆಗಳನ್ನು ಬರೆಯುತ್ತಿದ್ದನು. ಆ ಪತ್ರಿಕೆಯ ಒಡೆಯರಲ್ಲಿ ಷೆರಿಡನ್ ಲೆ ಫಾನು ಎಂಬ ಕಥೆಗಾರನೂ ಒಬ್ಬನು. 1872ರಲ್ಲಿ ಪುಸ್ತಕರೂಪದಲ್ಲಿ ಬಂದ ಅವನ ‘ಕಾರ್ಮಿಲಾ’ ಎಂಬ ಕಥೆಯಲ್ಲಿ ರಕ್ತ ಹೀರುವ ಪಿಶಾಚಿಯು ಸುಂದರಿಯಾದ ತರುಣಿಯ ರೂಪದಲ್ಲಿ ಬರುತ್ತಾಳೆ.

ಈ ಪಿಶಾಚಿಯ ಪೂರ್ವಚರಿತ್ರೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಮೂಲದಲ್ಲಿ ಇದು ಪೂರ್ವ ಯುರೋಪಿನ ಹಳ್ಳಿಗರ ಭೂತ. ಕೋಟೆಯಿಲ್ಲ, ಕುಲೀನತೆಯಿಲ್ಲ, ಮಣ್ಣಾಗದೆ ಉಬ್ಬಿ, ಮುಖ ಕೆಂಪೇರಿ ಗೋರಿಯಲ್ಲಿ ಮಲಗಿರುವ ರೈತನ ಹೆಣ. ರಾತ್ರಿ ಎದ್ದು ಬಂದು ಸ್ವಂತ ಮನೆಯವರನ್ನೇ ಅದು ಕಾಡುತ್ತಿತ್ತು. 1732ರಲ್ಲಿ ಸರ್ಬಿಯಾದ ಒಂದು ಹಳ್ಳಿಯಲ್ಲಿ ಆಸ್ಟ್ರಿಯಾದ ಸೈನ್ಯದ ವೈದ್ಯರು ಗೋರಿಗಳನ್ನು ಅಗೆಸಿ ನೋಡಿ ವರದಿ ಬರೆದರು. ಆ ವರದಿ ಯುರೋಪಿನ ಪತ್ರಿಕೆಗಳಲ್ಲೆಲ್ಲ ಬಂದುದರಿಂದ ವ್ಯಾಂಪೈರ್ ಎಂಬ ಶಬ್ದವು ಇಂಗ್ಲಿಷಿಗೂ ಹರಡಿತು. ಜನರು ಹೆಣಗಳನ್ನು ಅಗೆದು ಸುಡುವುದು ಹೆಚ್ಚಿತೆಂದು 1755ರಲ್ಲಿ ಮಹಾರಾಣಿ ಮರಿಯಾ ತೆರೇಸಳು ಅದನ್ನು ಕಾನೂನಿನಿಂದಲೇ ನಿಲ್ಲಿಸಬೇಕಾಯಿತು. ಇಂಥ ರೈತ ಭೂತಕ್ಕೆ ಶ್ರೀಮಂತನ ಅಂಗಿ ತೊಡಿಸಿದವನು ಪೊಲಿಡೋರಿ ಎಂಬ ತರುಣ ವೈದ್ಯ. ಅವನು ಕವಿ ಬೈರನ್ನನ ಖಾಸಗಿ ವೈದ್ಯನಾಗಿ ಸಂಬಳಕ್ಕಿದ್ದವನು. ಯಜಮಾನನೊಡನೆ ಜಗಳವಾಗಿ ಕೆಲಸ ಬಿಟ್ಟ ಮೇಲೆ, 1819ರಲ್ಲಿ ಅವನ ‘ವ್ಯಾಂಪೈರ್’ ಕಥೆ ಅಚ್ಚಾಯಿತು. ಪಿಶಾಚಿಯು ಅದರಲ್ಲಿ ಬೈರನ್ನನನ್ನು ಹೋಲುವ ಒಬ್ಬ ಪ್ರಭು. ಆದರೆ ಪ್ರಕಾಶಕರು ಕಥೆಯನ್ನು ಬೈರನ್ನನ ಹೆಸರಿನಲ್ಲಿಯೇ ಪ್ರಕಟಿಸಿಬಿಟ್ಟರು. ಪೊಲಿಡೋರಿ 25ನೆಯ ವಯಸ್ಸಿಗೆ ತೀರಿಕೊಂಡನು. ನೌಕರನು ದುಡಿದುದು ಯಜಮಾನನ ಖಾತೆಗೆ ಜಮೆಯಾಗುವ ಸಂಪ್ರದಾಯವು ಈ ಪಿಶಾಚಿಯ ಸಾಹಿತ್ಯದಲ್ಲಿ ಅಂದಿನಿಂದಲೇ ಉಂಟು.

ಸ್ಟೋಕರನ ಯಜಮಾನನು ಹೆನ್ರಿ ಇರ್ವಿಂಗ್. ಇಂಗ್ಲೆಂಡಿನ ಅಂದಿನ ನಟಶ್ರೇಷ್ಠ. 1895ರಲ್ಲಿ ಸರ್ ಪದವಿ ಪಡೆದನು, ನಟರಲ್ಲಿ ಆ ಗೌರವಕ್ಕೆ ಪಾತ್ರನಾದವರಲ್ಲಿ ಇವನೇ ಮೊದಲಿಗ. 1876ರಲ್ಲಿ ಅವನು ಡಬ್ಲಿನ್ನಿಗೆ ಬಂದು ಹ್ಯಾಮ್ಲೆಟ್ಟನ ಪಾತ್ರ ವಹಿಸಿದಾಗ ಸ್ಟೋಕರನು ಬರೆದ ವಿಮರ್ಶೆಯನ್ನು ಓದಿ ಊಟಕ್ಕೆ ಕರೆದನು. ಊಟದ ತರುವಾಯ ಕೊಲೆಗಾರನೊಬ್ಬನ ಪಶ್ಚಾತ್ತಾಪದ ಪದ್ಯವೊಂದನ್ನು ಇರ್ವಿಂಗನು ಅಭಿನಯಿಸಿ ಹೇಳಿದನು. ಮಲ್ಲನಂತಿದ್ದ ಸ್ಟೋಕರನು ಅದನ್ನು ಕೇಳಿ ತನ್ನ ಮೇಲಿನ ಹಿಡಿತ ತಪ್ಪಿ ಬಿಕ್ಕಿದನು. ತಾನು ಇವನ ಆಳೆಂದು ಅವನು ನಿಶ್ಚಯಿಸಿದ್ದು ಆ ರಾತ್ರಿಯೇ ಇರಬೇಕು. 1878ರಲ್ಲಿ ಲಂಡನ್ನಿನ ಲೈಸಿಯಂ ನಾಟಕಗೃಹವನ್ನು ವಹಿಸಿಕೊಂಡ ಇರ್ವಿಂಗನು ಮ್ಯಾನೇಜರನಾಗಿ ಬಾ ಎಂದು ಕರೆದಾಗ, ಸ್ಟೋಕರನು ಭದ್ರವಾದ ಸರಕಾರಿ ಚಾಕರಿಗೆ ರಾಜೀನಾಮೆ ಕೊಟ್ಟನು. ಡಿಸೆಂಬರ್ 4ರಂದು ಫ್ಲಾರೆನ್ಸ್ ಎಂಬ ಸುಂದರಿಯನ್ನು ಮದುವೆಯಾಗಿ, ಮಧುಚಂದ್ರವೆಂಬುದೇ ಇಲ್ಲದೆ ಲಂಡನ್ನಿಗೆ ಬಂದು ಕೆಲಸಕ್ಕೆ ನಿಂತನು. ಮರುವರ್ಷ ಹುಟ್ಟಿದ ಏಕಮಾತ್ರ ಪುತ್ರನಿಗೆ ಇರ್ವಿಂಗ್ ನೋಯೆಲ್ ಎಂದು ಯಜಮಾನನ ಹೆಸರನ್ನೇ ಇಟ್ಟನು. ಆ ಮಗನು ದೊಡ್ಡವನಾದ ಮೇಲೆ ಮೊದಲಿನ ಹೆಸರನ್ನು ಬಿಟ್ಟು ನೋಯೆಲ್ ಎಂದಷ್ಟೇ ಕರೆಸಿಕೊಂಡನು. ಮನೆಯೊಳಗಿನ ಸಂಗತಿಯನ್ನು ವಾಚಕರೇ ಊಹಿಸಬಹುದು.

ಮ್ಯಾನೇಜರನ ಕೆಲಸವೆಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪತ್ರಿಕೆಗೆ ಬರುವ ಮುಂಚೆ ನಾವು ಗಲ್ಲೆಯ ಮೇಲೆ ಕುಳಿತು ಸವೆದವರು. ಸ್ಟೋಕರನು ಲೆಕ್ಕ ನೋಡುವನು, ಸಂಬಳ ಬಟವಾಡೆ ಮಾಡುವನು, ಸಂಜೆ ಕಪ್ಪು ಉಡುಪು ತೊಟ್ಟು ಮೆಟ್ಟಿಲ ಮೇಲೆ ನಿಂತು ಬಂದವರನ್ನೆಲ್ಲ ಸ್ವಾಗತಿಸುವನು, ಆಟ ಮುಗಿದ ಮೇಲೆ ಯಜಮಾನನ ಔತಣಕ್ಕೆ ಬೆಳಗಿನ ಜಾವದವರೆಗೆ ಜೊತೆ ಕೂರುವನು. ಮಂಡಳಿಯು ಅಮೆರಿಕೆಗೆ ಎಂಟು ಬಾರಿ ಪ್ರವಾಸ ಹೋದಾಗ ಹಡಗು, ರೈಲು, ಪರದೆ, ಪೆಟ್ಟಿಗೆ, ಹೋಟೆಲು, ಎಲ್ಲ ಏರ್ಪಾಡೂ ಅವನದೇ. ಇರ್ವಿಂಗನ ಪರವಾಗಿ ತಾನು ಬರೆದ ಕಾಗದಗಳು ಸುಮಾರು ಐದು ಲಕ್ಷವಾದಾವು ಎಂದು ಅವನೇ ಲೆಕ್ಕ ಹಾಕಿದ್ದಾನೆ. 1882ರಲ್ಲಿ ಥೇಮ್ಸ್ ನದಿಯ ದೋಣಿಯಿಂದ ಹಾರಿದವನೊಬ್ಬನನ್ನು ಉಳಿಸಲು ಕೋಟು ಕಳಚಿ ನೀರಿಗೆ ಧುಮುಕಿದನು. ಮೇಲೆತ್ತಿ ತನ್ನ ಮನೆಗೇ ತಂದು ಊಟದ ಮೇಜಿನ ಮೇಲೆ ಮಲಗಿಸಿದರೂ ಆ ಮನುಷ್ಯನು ಬದುಕಲಿಲ್ಲ. ಸ್ಟೋಕರನಿಗೆ ಪದಕ ದೊರೆಯಿತು.

ಇವನ ಬಂಧುಗಳಿಗೆ ನಮ್ಮ ದೇಶದ ಸಂಬಂಧವೂ ಇತ್ತು. ತಮ್ಮಂದಿರಲ್ಲಿ ಒಬ್ಬನು ಐ.ಸಿ.ಎಸ್. ಅಧಿಕಾರಿಯಾಗಿ ಭಾರತದಲ್ಲಿದ್ದನು. ಇರ್ವಿಂಗನ ಮೂಲಕ ಸ್ಟೋಕರನಿಗೆ ಪರಿಚಯವಾದವರಲ್ಲಿ ರಿಚರ್ಡ್ ಬರ್ಟನ್ ಒಬ್ಬನು. ಕಂಪೆನಿಯ ಕಾಲದಲ್ಲಿ ಮುಂಬಯಿ ಸೈನ್ಯದಲ್ಲಿದ್ದ ಈ ಬರ್ಟನ್ನನು ವಿಕ್ರಮ-ಬೇತಾಳರ ಕಥೆಗಳನ್ನು ಇಂಗ್ಲಿಷಿನಲ್ಲಿ ಬರೆದು 1870ರಲ್ಲಿ ಪ್ರಕಟಿಸುವಾಗ ಬೇತಾಳನನ್ನು ವ್ಯಾಂಪೈರ್ ಎಂದೇ ಕರೆದನು. ಮರದಲ್ಲಿ ತಲೆಕೆಳಗಾಗಿ ಜೋತು, ರಾಜನ ಹೆಗಲೇರಿ ನ್ಯಾಯದ ಪ್ರಶ್ನೆಗಳನ್ನು ಕೇಳುವ ನಮ್ಮ ಬೇತಾಳನಿಗೆ ರಕ್ತ ಹೀರುವವನೆಂಬ ಅಪವಾದ ಬಂದುದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಅದು ಹೇಗೂ ಇರಲಿ. ಮಾತನಾಡುವಾಗ ಬರ್ಟನ್ನನ ತುಟಿ ಮೇಲೆದ್ದು ಕೋರೆಹಲ್ಲು ಹೊಳೆಯುತ್ತಿದ್ದುದನ್ನು ಸ್ಟೋಕರನು ಮರೆಯದೆ ತನ್ನ ಸ್ಮೃತಿಗ್ರಂಥದಲ್ಲಿ ದಾಖಲಿಸಿದ್ದಾನೆ.

‘ಡ್ರಾಕುಲಾ’ ಕಾದಂಬರಿಗೆ ಅವನು ಟಿಪ್ಪಣಿ ಬರೆಯತೊಡಗಿದ್ದು 1890ರ ಮಾರ್ಚಿಯಲ್ಲಿ. ಗ್ರಂಥ ಹೊರಬಂದದ್ದು 1897ರ ಮೇ ತಿಂಗಳಲ್ಲಿ. ಏಳು ವರ್ಷ ಹಿಡಿದುದರಲ್ಲಿ ಆಶ್ಚರ್ಯವಿಲ್ಲ. ರಜೆಯ ದಿನಗಳಲ್ಲಿ, ಪ್ರವಾಸದ ನಡುವೆ ಸಿಕ್ಕ ಗಂಟೆಗಳಲ್ಲಿ ಬರೆದುದು. ಮೊದಲು ಪಿಶಾಚಿಗೆ ವ್ಯಾಂಪೈರ್ ಪ್ರಭುವೆಂದೇ ಹೆಸರು, ಊರು ಆಸ್ಟ್ರಿಯಾದ ಸ್ಟೈರಿಯಾ. 1890ರ ಬೇಸಗೆಯಲ್ಲಿ ವಿಟ್ಬಿ ಎಂಬ ಕಡಲತೀರದ ಪಟ್ಟಣಕ್ಕೆ ವಿಶ್ರಾಂತಿಗೆ ಹೋದಾಗ, ಅಲ್ಲಿನ ಪುಸ್ತಕಾಲಯದಲ್ಲಿ ವಲಾಖಿಯಾ ದೇಶವನ್ನು ಕುರಿತು 1820ರಲ್ಲಿ ಅಚ್ಚಾದ ಪುಸ್ತಕವೊಂದು ಸಿಕ್ಕಿತು. ಡ್ರಾಕುಲಾ ಎಂದರೆ ಅಲ್ಲಿನ ಭಾಷೆಯಲ್ಲಿ ಸೈತಾನನೆಂದು ಅದರಲ್ಲಿದ್ದ ಅಡಿಟಿಪ್ಪಣಿಯನ್ನು ಬರೆದುಕೊಂಡನು. 1885ರಲ್ಲಿ ಅದೇ ವಿಟ್ಬಿಯ ದಡಕ್ಕೆ ಬಡಿದ ರಷ್ಯದ ಹಡಗೊಂದರ ವಿವರವನ್ನೂ ಸಂಗ್ರಹಿಸಿದನು. ಟ್ರಾನ್ಸಿಲ್ವೇನಿಯಾವನ್ನು ಅವನು ಕಣ್ಣಿನಿಂದ ಕಂಡವನೇ ಅಲ್ಲ. ಎಲ್ಲವೂ ಪುಸ್ತಕ, ನಕಾಶೆ, ರೈಲ್ವೆ ವೇಳಾಪಟ್ಟಿಗಳಿಂದ ಕೂಡಿಸಿದ್ದು. ಒಳ್ಳೆಯ ಗುಮಾಸ್ತನು ಫೈಲು ಕಟ್ಟುವಂತೆ.

ಈ ಗ್ರಂಥವನ್ನು ನಮ್ಮ ಹೋಟೆಲ್ ಬಂಧುಗಳು ಓದಿದರೆ ಇತರರಿಗೆ ಕಾಣದ ಕೆಲವು ಅಂಶಗಳು ಅವರಿಗೆ ಕಂಡಾವು. ಲಂಡನ್ನಿನಿಂದ ಹೊರಟ ತರುಣ ವಕೀಲ ಹಾರ್ಕರನು ದಾರಿಯ ಹೋಟೆಲಿನಲ್ಲಿ ಮೆಣಸಿನ ಪುಡಿ ಹಾಕಿದ ಕೋಳಿಯ ಪದಾರ್ಥವನ್ನು ತಿಂದು, ಮಾಡುವ ಕ್ರಮವನ್ನು ಮದುವೆಯಾಗಲಿರುವ ಹುಡುಗಿಗಾಗಿ ತಿಳಿದುಕೊಳ್ಳಬೇಕೆಂದು ದಿನಚರಿಯಲ್ಲಿ ಬರೆದುಕೊಳ್ಳುತ್ತಾನೆ. ಡ್ರಾಕುಲಾ ಪ್ರಭುವಿನ ಕೋಟೆಗೆ ಬಂದಾಗ ಪ್ರಭುವೇ ಪೆಟ್ಟಿಗೆ ಹೊರುತ್ತಾನೆ, ಹುರಿದ ಕೋಳಿ, ಗಿಣ್ಣು, ಹಳೆಯ ದ್ರಾಕ್ಷಾರಸ ಬಡಿಸುತ್ತಾನೆ. ತಾನು ಮಾತ್ರ ಒಂದು ತುತ್ತನ್ನೂ ಮುಟ್ಟುವುದಿಲ್ಲ. ಒಂದು ದಿನ ಬಾಗಿಲ ಸಂದಿನಿಂದ ಹಾರ್ಕರನು ನೋಡುತ್ತಾನೆ: ಪ್ರಭುವು ತಾನೇ ಮೇಜು ಸಜ್ಜುಗೊಳಿಸುತ್ತಿದ್ದಾನೆ, ತಾನೇ ಹಾಸಿಗೆ ಹಾಸುತ್ತಿದ್ದಾನೆ. ಕೋಟೆಯಲ್ಲಿ ಒಬ್ಬ ಆಳೂ ಇಲ್ಲ! ಹಾಗಾದರೆ ಗಾಡಿ ಹೊಡೆದು ತಂದವನೂ ಇವನೇ. ಹಾರ್ಕರನಿಗೆ ನಡುಕ ಹುಟ್ಟುವುದು ಅಲ್ಲಿ. ಅಡಿಗೆಯವನೂ ಸಪ್ಲೈಯರನೂ ಕ್ಲೀನರನೂ ಯಜಮಾನನೇ ಆಗಿರುವ ಹೋಟೆಲನ್ನು ನಾವೂ ನಡೆಸಿದ್ದೇವೆ. ಆದರೆ ಅದರಿಂದ ಭಯ ಹುಟ್ಟಿಸಬಹುದೆಂಬುದು, ಇಪ್ಪತ್ತು ವರ್ಷ ಬೇರೊಬ್ಬರ ಅತಿಥಿಗಳನ್ನು ಉಪಚರಿಸಿದವನಿಗಲ್ಲದೆ ಯಾರಿಗೆ ಹೊಳೆಯಬೇಕು?

ಇನ್ನೊಂದು ಪ್ರಸಂಗ ನಮ್ಮ ಮನಸ್ಸನ್ನು ಹೆಚ್ಚು ತಟ್ಟಿತು. ಪ್ರಭುವು ಪುಸ್ತಕಗಳಿಂದ ಇಂಗ್ಲಿಷ್ ಕಲಿತಿದ್ದಾನೆ, ಆದರೆ ಉಚ್ಚಾರದ ಚಿಂತೆ ಬಿಟ್ಟಿಲ್ಲ. ಇಲ್ಲಿ ತಾನು ಒಡೆಯ, ಎಲ್ಲರೂ ಗುರುತಿಸುವರು. ಲಂಡನ್ನಿಗೆ ಹೋದರೆ ತಾನು ಯಾರೂ ಅರಿಯದ ಪರಕೀಯ. ಬಾಯಿ ತೆರೆದೊಡನೆ ಇವನು ಹೊರಗಿನವನೆಂದು ಜನ ನಿಂತು ನೋಡಬಾರದೆಂಬುದು ಅವನ ಆಸೆ. ಮುಂಬಯಿಗೆ ಹೊಸದಾಗಿ ಬಂದಾಗ ನಮ್ಮ ಹಿಂದಿಯನ್ನು ಕೇಳಿ ಗಿರಾಕಿಗಳು ನಕ್ಕುದು ನಮಗೆ ನೆನಪಾಯಿತು. ಐರಿಷ್ ಧ್ವನಿಯನ್ನು ಕೊನೆಯವರೆಗೂ ಬಿಡದಿದ್ದ ಸ್ಟೋಕರನು ಈ ಮಾತನ್ನು ಎಲ್ಲಿಂದ ತಂದನೆಂದು ಹುಡುಕಬೇಕಾಗಿಲ್ಲ.

ಈ ಪಿಶಾಚಿಯನ್ನು ಸೋಲಿಸುವುದು ಶಿಲುಬೆ, ಬೆಳ್ಳುಳ್ಳಿಗಳಷ್ಟೇ ಅಲ್ಲ. ಮೀನಾ ಎಂಬ ಯುವತಿಯ ಟೈಪ್‌ರೈಟರು, ಶೀಘ್ರಲಿಪಿ, ರೈಲ್ವೆ ವೇಳಾಪಟ್ಟಿ, ಸಾಗಾಣಿಕೆಯವರ ರಸೀದಿ, ಇವೇ ಮುಖ್ಯ ಆಯುಧಗಳು. ಪ್ರಭುವು ತಂದ ಮಣ್ಣಿನ 50 ಪೆಟ್ಟಿಗೆಗಳು ಎಲ್ಲೆಲ್ಲಿ ಇಳಿದವೆಂದು ಹಾರ್ಕರನು ಹಮಾಲಿಗಳನ್ನು ವಿಚಾರಿಸಿ ಪತ್ತೆ ಮಾಡುತ್ತಾನೆ. ಕೊನೆಗೆ ಸೂರ್ಯಾಸ್ತದ ಹೊತ್ತಿಗೆ ಪಿಶಾಚಿಯ ಕುತ್ತಿಗೆಯನ್ನು ಕತ್ತರಿಸುವುದು ಗೂರ್ಖರ ಕುಕ್ರಿ. ಬಿಸಿಲಿನಲ್ಲಿ ಭಸ್ಮವಾಗುವುದು ಈ ಗ್ರಂಥದಲ್ಲಿಲ್ಲ. ಇಲ್ಲಿ ಡ್ರಾಕುಲಾ ಹಾಡುಹಗಲೇ ಲಂಡನ್ನಿನ ಬೀದಿಯಲ್ಲಿ ನಿಂತಿರುತ್ತಾನೆ. ಅವನು ಸುಂದರನೂ ಅಲ್ಲ: ಬಿಳಿ ಮೀಸೆಯ ಮುದುಕ, ಅಂಗೈಯಲ್ಲಿ ಕೂದಲು, ಉಸಿರಿನಲ್ಲಿ ದುರ್ಗಂಧ, ರಕ್ತ ಕುಡಿದಂತೆಲ್ಲ ಹರೆಯ ಬರುವುದು.

ಪುಸ್ತಕಕ್ಕೆ ಬೆಲೆ 6 ಷಿಲಿಂಗು, ಹಳದಿ ಹೊದಿಕೆ. ಓದಿದವರು ಮೆಚ್ಚಿದರು, ವೃದ್ಧೆಯಾದ ತಾಯಿ ಹೆಮ್ಮೆಯಿಂದ ಕಾಗದ ಬರೆದಳು. ಆದರೆ ಹಣ ಹರಿದು ಬರಲಿಲ್ಲ. ಮರುವರ್ಷವೇ ಲೈಸಿಯಂನ ಉಗ್ರಾಣಕ್ಕೆ ಬೆಂಕಿ ಬಿದ್ದು 44 ನಾಟಕಗಳ ಪರದೆ, ಸಾಮಗ್ರಿಗಳು ಸುಟ್ಟುಹೋದವು. ಇರ್ವಿಂಗನ ಅಪ್ಪಣೆಯಂತೆ ವಿಮೆಯನ್ನು ಅದಕ್ಕೆ ಸ್ವಲ್ಪ ಮುಂಚೆ ತಗ್ಗಿಸಲಾಗಿತ್ತು. ಬಳಿಕ ಇರ್ವಿಂಗನು ನಾಟಕಗೃಹವನ್ನು ಒಂದು ಕಂಪೆನಿಗೆ ಒಪ್ಪಿಸಿದನು. ಇಪ್ಪತ್ತು ವರ್ಷದ ಮ್ಯಾನೇಜರನ ಸಲಹೆಯನ್ನು ಕೇಳಲಿಲ್ಲ. ಆ ಕಂಪೆನಿ 1902ರಲ್ಲಿ ಮುಳುಗಿತು. 1905ರ ಅಕ್ಟೋಬರ್ 13ರಂದು ಬ್ರಾಡ್‌ಫರ್ಡಿನಲ್ಲಿ ಆಟ ಮುಗಿಸಿ ಹೋಟೆಲಿಗೆ ಬಂದ ಇರ್ವಿಂಗನು ಅಲ್ಲಿಯೇ ಕುಸಿದು ತೀರಿಕೊಂಡನು. ಮರಣಪತ್ರದಲ್ಲಿ ಸ್ಟೋಕರನಿಗೆ ಏನನ್ನೂ ಬಿಟ್ಟಿರಲಿಲ್ಲ.

ಡ್ರಾಕುಲಾ ಪ್ರಭುವು ಇರ್ವಿಂಗನ ಪ್ರತಿರೂಪವೆಂದೂ ನೌಕರನು ಯಜಮಾನನ ಮೇಲೆ ಹೀಗೆ ಸೇಡು ತೀರಿಸಿಕೊಂಡನೆಂದೂ ಕೆಲವು ಪಂಡಿತರು ವಾದಿಸುತ್ತಾರೆ. ನಾವು ನೌಕರರಾಗಿಯೂ ಇದ್ದವರು, ಯಜಮಾನರಾಗಿಯೂ ಇದ್ದವರು. ಈ ವಾದವನ್ನು ಪೂರ್ತಿಯಾಗಿ ಒಪ್ಪಲಾರೆವು. ಯಜಮಾನನು ಸತ್ತ ಮರುವರ್ಷ, ತಾನು ಪಾರ್ಶ್ವವಾಯುವಿಗೆ ತುತ್ತಾಗಿದ್ದರೂ, ಅವನ ಸ್ಮೃತಿಯಲ್ಲಿ ಎರಡು ಸಂಪುಟಗಳನ್ನು ಭಕ್ತಿಯಿಂದ ಬರೆದವನ ಮನಸ್ಸಿನಲ್ಲಿ ಬರಿಯ ದ್ವೇಷವಿತ್ತೆನ್ನುವುದು ಹೇಗೆ? ಆದರೆ ಪ್ರೀತಿಯಿಂದ ಮಾಡಿದ ಚಾಕರಿಯೂ ಮನುಷ್ಯನನ್ನು ಒಳಗಿನಿಂದ ಬರಿದು ಮಾಡಬಲ್ಲದು. ಅದನ್ನು ಅವನು ಅರಿಯದೆ ಇದ್ದನೆಂದೂ ನಾವು ಹೇಳೆವು.

ಕೊನೆಯ ವರ್ಷಗಳು ಕಷ್ಟದವು. 1911ರಲ್ಲಿ ಬಡ ಸಾಹಿತಿಗಳ ನಿಧಿಯೊಂದಕ್ಕೆ ಅರ್ಜಿ ಹಾಕಿ 100 ಪೌಂಡು ಪಡೆದನು. 1912ರ ಏಪ್ರಿಲ್ 20ರಂದು ಲಂಡನ್ನಿನಲ್ಲಿ ತೀರಿಕೊಂಡನು. ಟೈಟಾನಿಕ್ ಹಡಗು ಮುಳುಗಿ ಐದೇ ದಿನ. ಪತ್ರಿಕೆಗಳೆಲ್ಲ ಅದೇ ಸುದ್ದಿಯಿಂದ ತುಂಬಿದ್ದವು. ನಿಧನವಾರ್ತೆ ಬರೆದವರೂ ಅವನನ್ನು ಇರ್ವಿಂಗನ ಮ್ಯಾನೇಜರನೆಂದೇ ಮುಖ್ಯವಾಗಿ ನೆನೆದರು.

ಹತ್ತು ವರ್ಷದ ಬಳಿಕ, 1922ರಲ್ಲಿ, ಜರ್ಮನಿಯ ಒಂದು ಕಂಪೆನಿಯು ಹೆಸರುಗಳನ್ನು ಬದಲಾಯಿಸಿ, ಅನುಮತಿ ಕೇಳದೆ, ಈ ಕಥೆಯನ್ನು ‘ನೊಸ್ಫೆರಾಟು’ ಎಂಬ ಮೂಕಚಿತ್ರವನ್ನಾಗಿ ಮಾಡಿತು. ನಿರ್ದೇಶಕನು ಮುರ್ನೌ. ಅಲ್ಲಿಯ ಪಿಶಾಚಿಯು ಬೋಳು ತಲೆ, ಇಲಿಯ ಹಲ್ಲುಗಳುಳ್ಳ ಮಾರಿ. ಬೆಳಗಿನ ಬಿಸಿಲಿಗೆ ಕರಗಿ ಹೋಗುವ ಪದ್ಧತಿ ಆರಂಭವಾದುದು ಈ ಚಿತ್ರದಿಂದಲೇ. ಗಂಡನ ಪುಸ್ತಕವನ್ನೇ ಜೀವನಾಧಾರವಾಗಿ ನಂಬಿದ್ದ ಫ್ಲಾರೆನ್ಸಳು ಲೇಖಕರ ಸಂಘದ ಸಹಾಯದಿಂದ ದಾವೆ ಹೂಡಿದಳು. ಕಂಪೆನಿ ದಿವಾಳಿಯಾದುದರಿಂದ ಹಣ ಸಿಗಲಿಲ್ಲ. 1925ರಲ್ಲಿ ಚಿತ್ರದ ಪ್ರತಿಗಳನ್ನೆಲ್ಲ ನಾಶ ಮಾಡಬೇಕೆಂದು ನ್ಯಾಯಾಲಯವು ಆಜ್ಞಾಪಿಸಿತು. ಅಷ್ಟರಲ್ಲಿ ಕೆಲವು ಪ್ರತಿಗಳು ಹೊರದೇಶ ಸೇರಿದ್ದುದರಿಂದ ಚಿತ್ರ ಉಳಿಯಿತು. ಇಂದು ಅದನ್ನು ಶ್ರೇಷ್ಠ ಕೃತಿಯೆಂದು ಕೊಂಡಾಡುತ್ತಾರೆ. ವಿಧವೆಯ ಕೋಪವು ನ್ಯಾಯವಾದದ್ದು, ಚಿತ್ರವು ಉಳಿದದ್ದೂ ಒಳ್ಳೆಯದು. ಎರಡನ್ನೂ ಹೇಳದೆ ನಮಗೆ ಗತ್ಯಂತರವಿಲ್ಲ.

1924ರಲ್ಲಿ ಹ್ಯಾಮಿಲ್ಟನ್ ಡೀನ್ ಎಂಬ ನಟನು ಆಕೆಯ ಅನುಮತಿ ಪಡೆದು ಕಥೆಯನ್ನು ರಂಗಕ್ಕೆ ತಂದನು. ರಂಗದ ಮೇಲೆ ಕೋಟೆ, ಹಡಗು ತೋರಿಸುವುದು ದುಬಾರಿ. ಆದ್ದರಿಂದ ಕಥೆಯೆಲ್ಲ ಒಂದು ಮನೆಯ ಹಜಾರಕ್ಕೆ ಬಂದಿತು. ಹಜಾರಕ್ಕೆ ಬರಬೇಕಾದರೆ ಪಿಶಾಚಿಗೆ ಮರ್ಯಾದಸ್ಥರ ಉಡುಪು ಬೇಕು, ದುರ್ಗಂಧ ಸಲ್ಲದು. ಎದ್ದು ನಿಂತ ದೊಡ್ಡ ಕಾಲರಿನ ನಿಲುವಂಗಿಯೂ ಆಗಲೇ ಬಂದುದು: ನಟನು ನೆಲದ ಗುಪ್ತ ಬಾಗಿಲಿನಿಂದ ಮಾಯವಾಗುವಾಗ ಪ್ರೇಕ್ಷಕರಿಗೆ ಅವನ ತಲೆ ಕಾಣಬಾರದೆಂದು. 1927ರಲ್ಲಿ ನ್ಯೂಯಾರ್ಕಿನಲ್ಲಿ ಈ ಪಾತ್ರ ವಹಿಸಿದವನು ಬೇಲಾ ಲುಗೋಸಿ, ಹಂಗೇರಿಯಿಂದ ವಲಸೆ ಬಂದ ನಟ. 1931ರ ಚಲಚ್ಚಿತ್ರದಲ್ಲಿಯೂ ಅವನೇ. ಆ ಚಿತ್ರದಲ್ಲಿ ಕೋರೆಹಲ್ಲೇ ಕಾಣಿಸುವುದಿಲ್ಲ, ಭಯವೆಲ್ಲ ಕಣ್ಣಿನಲ್ಲಿ, ಮಾತಿನಲ್ಲಿ. ಸ್ಟೋಕರನ ಪ್ರಭುವು ಅಳಿಸಿಹಾಕಲು ಹೆಣಗಿದ ಹೊರನಾಡಿನ ಉಚ್ಚಾರವೇ ಲುಗೋಸಿಯ ಬಾಯಲ್ಲಿ ಪಿಶಾಚಿಯ ಗುರುತಾಗಿಬಿಟ್ಟಿತು. ಅವನಿಗೆ ಬೇರೆ ಬಗೆಯ ಪಾತ್ರಗಳು ದೊರೆಯುವುದು ಕಷ್ಟವಾಯಿತು. 1956ರಲ್ಲಿ ಸತ್ತಾಗ ಆ ನಿಲುವಂಗಿಯಲ್ಲಿಯೇ ಅವನನ್ನು ಹೂಳಿದರು. ಅಮೆರಿಕೆಯಲ್ಲಿ ಗ್ರಂಥಸ್ವಾಮ್ಯಕ್ಕಾಗಿ ಸಲ್ಲಿಸಬೇಕಾಗಿದ್ದ ಎರಡು ಪ್ರತಿಗಳನ್ನು ಸ್ಟೋಕರನ ಕಾಲದಲ್ಲಿ ಸಲ್ಲಿಸಿಯೇ ಇರಲಿಲ್ಲವೆಂಬುದು ಮುಂದೆ ಬೆಳಕಿಗೆ ಬಂದು, ಅಲ್ಲಿ ಪುಸ್ತಕವು ಯಾರ ಸ್ವತ್ತೂ ಅಲ್ಲವೆಂದಾಯಿತು. ಗುಮಾಸ್ತರ ಕರ್ತವ್ಯಗಳನ್ನು ಕುರಿತು ಗ್ರಂಥವನ್ನೇ ಬರೆದವನ ದಫ್ತರದಲ್ಲಿ ಇಂಥ ಲೋಪ!

1958ರ ವರ್ಣಚಿತ್ರದಲ್ಲಿ ಕ್ರಿಸ್ಟೋಫರ್ ಲೀ ಕೆಂಪು ರಕ್ತವನ್ನೂ ಕೋರೆಹಲ್ಲನ್ನೂ ತೋರಿಸಿದನು. 1967ರಲ್ಲಿ ಲಾಹೋರಿನ ‘ಜಿಂದಾ ಲಾಶ್’, 1990ರಲ್ಲಿ ಮುಂಬಯಿಯ ರಾಮ್ಸೆ ಬಂಧುಗಳ ‘ಬಂದ್ ದರ್ವಾಜಾ’ ಇದೇ ವಂಶದ ಕುಡಿಗಳು. 1976ರಲ್ಲಿ ಆನ್ ರೈಸ್ ಎಂಬಾಕೆಯ ಕಾದಂಬರಿಯಲ್ಲಿ ಪಿಶಾಚಿಯೇ ತನ್ನ ದುಃಖವನ್ನು ಹೇಳಿಕೊಂಡನು. 2005ರ ‘ಟ್ವೈಲೈಟ್’ ಕಾದಂಬರಿಯಲ್ಲಿ ಅವನು ಶಾಲೆಗೆ ಹೋಗುವ ಪ್ರೇಮಿ; ಬಿಸಿಲಿನಲ್ಲಿ ಸುಡುವುದಿಲ್ಲ, ವಜ್ರದಂತೆ ಹೊಳೆಯುತ್ತಾನೆ. ಗೋರಿಯಲ್ಲಿ ಉಬ್ಬಿ ಮಲಗಿದ್ದ ಸರ್ಬಿಯಾದ ರೈತನಿಗೆ ತನ್ನ ಈ ಮೊಮ್ಮಗನ ಗುರುತು ಹತ್ತಲಾರದು.

ಸ್ಟೋಕರನ ಟಿಪ್ಪಣಿಗಳ ಕಟ್ಟನ್ನು 1913ರಲ್ಲಿ ಫ್ಲಾರೆನ್ಸಳು ಲಂಡನ್ನಿನಲ್ಲಿ ಹರಾಜಿಗೆ ಕೊಟ್ಟಳು. ಬಂದ ಬೆಲೆ 2 ಪೌಂಡು 2 ಷಿಲಿಂಗು. ಕೈಯಿಂದ ಕೈಗೆ ಹೋಗಿ ಅದು ಈಗ ಅಮೆರಿಕೆಯ ಫಿಲಡೆಲ್ಫಿಯಾದ ರೋಸೆನ್‌ಬಾಕ್ ಗ್ರಂಥಭಂಡಾರದಲ್ಲಿದೆ. ಆ ಟಿಪ್ಪಣಿಗಳಲ್ಲಿ ಕೆಲವು ಫಿಲಡೆಲ್ಫಿಯಾದ ಸ್ಟ್ರಾಟ್‌ಫರ್ಡ್ ಹೋಟೆಲಿನ ಹೆಸರು ಮುದ್ರಿಸಿದ ಕಾಗದದ ಮೇಲಿವೆ. ಇರ್ವಿಂಗನ ಮಂಡಳಿಯೊಡನೆ ಪ್ರವಾಸ ಬಂದಾಗ, ದಿನದ ಕೆಲಸ ಮುಗಿದ ಮೇಲೆ, ಕೋಣೆಯ ಮೇಜಿನ ಮೇಲೆ ಗಿರಾಕಿಗಳಿಗೆಂದು ಇಟ್ಟಿದ್ದ ಕಾಗದವನ್ನೆಳೆದುಕೊಂಡು ಮ್ಯಾನೇಜರನು ಬರೆದ ಹಾಳೆಗಳು ಅವು.